ಹೋಲ್ಡ್‌ನಲ್ಲಿ ನಾಲ್ಕು ನಿಮಿಷ

ಮಾರ್ಚ್ 3

ಮತ್ತೆ ಐದು ನಿಮಿಷ ಲೇಟು. ಬಸ್ಸಿನದೇ ಕತೆ. ಕಾರ್ಡ್ ತೋರಿಸಿ, ಮೊಬೈಲ್ ಲಾಕರಿಗೆ ಹಾಕಿ, ಹೆಡ್‌ಫೋನ್ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಮೊದಲ ಕರೆ. ಬಟ್ಟೆ ಒಗೆಯುವ ಮೆಷಿನ್ ಕುಣಿಯುತ್ತದಂತೆ. ಕುಣಿದು ಕುಣಿದು ಬಾತ್‌ರೂಮಿನಿಂದ ಹಾಲ್‌ವರೆಗೆ ಬಂದಿದೆಯಂತೆ. “ಇನ್ನೊಂದು ದಿನ ಬಿಟ್ರೆ ಗೇಟ್ ದಾಟಿ ಹೋಗತ್ತೆ ಮೇಡಂ” ಅಂದರು. ನಗಬಾರದು. ನಗಲಿಲ್ಲ. ದೂರು ದಾಖಲಿಸಿಕೊಂಡೆ.

ದಿನಕ್ಕೆ ತೊಂಬತ್ತು ಕರೆ. ಊರಿನವರ ಫ್ರಿಜ್ಜು, ಮೆಷಿನ್ನು, ಒಲೆ ಎಲ್ಲವೂ ನಮ್ಮ ಕಿವಿಯಲ್ಲೇ ಕೆಡುತ್ತವೆ. ಕಂಪ್ಯೂಟರಿನ ಮೂಲೆಯಲ್ಲಿ ಒಂದು ಬಣ್ಣದ ಚೌಕ. ಹಸಿರು — ಕರೆಗೆ ಕಾಯುತ್ತಿದ್ದೇನೆ. ಕೆಂಪು — ಮಾತಾಡುತ್ತಿದ್ದೇನೆ. ಹಳದಿ — ಸ್ವಂತ ಬಿಡುವು. ಹಳದಿ ದಿನಕ್ಕೆ ಇಪ್ಪತ್ತೇ ನಿಮಿಷ, ಟಾಯ್ಲೆಟ್ಟೂ ಸೇರಿ. ಮೀರಿದರೆ ಗೋಡೆಯ ಟೀವಿಯಲ್ಲಿ ಹೆಸರು ಬರುತ್ತದೆ, ಎಲ್ಲರೂ ನೋಡುವ ಹಾಗೆ. ಆರು ವರ್ಷದಲ್ಲಿ ನನ್ನದು ಬಂದಿಲ್ಲ. ಹೇಳಿಕೊಳ್ಳಲು ನನಗೆ ಇರುವುದು ಆ ಒಂದು ಜಂಬ.

ಅಕ್ಕನ ಕೆಮ್ಮು ಕಡಿಮೆಯಾಗಿಲ್ಲ. ಬೆಳಗ್ಗೆ ಮೂರು ದಿಂಬು ಒಟ್ಟಿ ಒರಗಿಸಿ ಬಂದೆ.

ಮಾರ್ಚ್ 5

ಅಕ್ಕನನ್ನು ಡಾಕ್ಟರಿಗೆ ತೋರಿಸಿದೆ. ಶ್ವಾಸಕೋಶ ಪೂರ್ತಿ ಸೋತಿದೆಯಂತೆ. “ಹಗಲು ಹೊತ್ತು ಇವರನ್ನ ಒಬ್ಬರನ್ನೇ ಬಿಡಬೇಡಿ” ಅಂದರು. ಬಾಯಲ್ಲಿ ಹೇಳುವುದಕ್ಕೇನು. ಮನೆಯಲ್ಲಿ ಇರುವುದೇ ನಾವಿಬ್ಬರು.

ಬಸ್ಸಿನಲ್ಲಿ ಅಕ್ಕನ ಭಾಷಣ. “ಮೂವತ್ತೊಂದು ವರ್ಷ ಗಾರ್ಮೆಂಟ್ಸಲ್ಲಿ ಅಂಗಿ ಗುಂಡಿಗೆ ಕಾಜಾ ಹೊಲಿಯೋ ಮೆಷಿನ್ ಹತ್ರ ನಿಂತಿದೀನಿ. ಹತ್ತಿ ಧೂಳೇ ನನಗೆ ಊಟ. ಹಾಸಿಗೆ ಮೇಲೆ ಒಬ್ಬಳೇ ಬಿದ್ಕೊಂಡಿರೋದು ಒಂದು ಕಷ್ಟನಾ?” ಮುಂದಿನ ಸೀಟಿನವರು ತಿರುಗಿ ನೋಡಿದರು. ಅಕ್ಕ ಅವರಿಗೂ ಒಂದು ನಗೆ ಕೊಟ್ಟಳು.

ನನಗಿಂತ ಹದಿನಾರು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಎರಡು. ಜಡೆ ಹಾಕಿದ್ದು, ಹೋಂವರ್ಕ್ ಮಾಡಿಸಿದ್ದು, ಹೊಡೆದದ್ದು ಎಲ್ಲ ಇವಳೇ. ಅಕ್ಕ ಅನ್ನುವುದು ಬಾಯಿ ರೂಢಿ ಅಷ್ಟೇ.

ಮಾರ್ಚ್ 6, ಸಂಜೆ

ಒಂದು ಯೋಚನೆ ಬಂದಿದೆ. ಒಳ್ಳೆಯದಲ್ಲ.

ರಿಪೇರಿಯವನು ಹೋಗಿ ಬಂದ ಮೇಲೆ ಗ್ರಾಹಕರಿಗೆ ನಾವೇ ಫೋನ್ ಮಾಡಿ ವಿಚಾರಿಸಬೇಕು. ಮರುಕರೆ ಅನ್ನುತ್ತಾರೆ. ನಂಬರನ್ನು ಕೈಯಾರೆ ಒತ್ತುವುದು. ಯಾರೂ ತಾಳೆ ನೋಡುವುದಿಲ್ಲ. ಆದ್ದರಿಂದ ನಮ್ಮಲ್ಲಿ ಒಂದು ಗುಟ್ಟಿನ ಪದ್ಧತಿ — ಖಾಲಿ ಕರೆ. ಸುಸ್ತಾದವರು ತಮ್ಮ ಮನೆ ನಂಬರೋ ಗೆಳತಿಯ ನಂಬರೋ ಒತ್ತಿ ಸುಮ್ಮನೆ ಕೂರುತ್ತಾರೆ. ಚೌಕ ಕೆಂಪಾಗಿರುತ್ತದೆ. ಕಂಪನಿಯ ಲೆಕ್ಕದಲ್ಲಿ ಕೆಲಸ ನಡೆದಿದೆ.

ನಾನು ಒಮ್ಮೆಯೂ ಮಾಡಿಲ್ಲ. ಮಾಡಿದವರನ್ನು ಕಂಡರೆ ಮೈ ಉರಿಯುತ್ತಿತ್ತು. ಜನವರಿಯಲ್ಲಿ ಒಂದು ವಾರ ತಂಡ ನೋಡಿಕೊಳ್ಳುವ ಜವಾಬ್ದಾರಿ ನನ್ನದಾಗಿತ್ತು. ನಾವೆಲ್ಲ ಮೀಸೆ ಅಂತ ಕರೆಯುತ್ತಿದ್ದ ಹುಡುಗ ದಿನಾ ಮಧ್ಯಾಹ್ನ ಖಾಲಿ ಕರೆ ಹಾಕಿ, ಮೇಜಿಗೆ ತಲೆ ಕೊಟ್ಟು ಮಲಗುತ್ತಿದ್ದ. “ತಗೊಳ್ಳೋ ಸಂಬಳಕ್ಕೆ ನಿಯತ್ತು ಬೇಡ್ವಾ?” ಅಂದೆ. ರಿಪೋರ್ಟಿನಲ್ಲಿ ಬರೆದೆ — ಹನ್ನೆರಡು ನಿಮಿಷ, ಐದು ದಿನ. ಶುಕ್ರವಾರ ಅವನ ಕುರ್ಚಿ ಖಾಲಿ.

ಈಗ ನೋಡಿದರೆ ನಾನೇ.

ಮಾರ್ಚ್ 9

ಮಾಡಿದೆ. ಮಧ್ಯಾಹ್ನ ಮೂರೂ ಹತ್ತಕ್ಕೆ. ಗ್ರಾಹಕರ ನಂಬರಿನ ಬದಲು ಮನೆ ನಂಬರ್ ಒತ್ತಿದೆ.

ಅಕ್ಕಪಕ್ಕದವರಿಗೆ ಕೇಳಿಸುತ್ತದೆ. ಹಾಗಾಗಿ ನನ್ನ ಮಾತು ಕಂಪನಿಯ ಮಾತೇ ಆಗಿರಬೇಕು. ಅಕ್ಕನಿಗೆ ಆ ಹಂಗಿಲ್ಲ. ಶುರು ಮಾಡಿದಳು ನೋಡಿ.

“ನಿನ್ನ ನೀಲಿ ಸ್ವೆಟರ್ ಹಾಕ್ಕೊಂಡಿದೀನಿ. ನನಗೇ ಚೆನ್ನಾಗಿ ಒಪ್ಪತ್ತೆ.”

“ನಿಮ್ಮ ಅಭಿಪ್ರಾಯ ದಾಖಲಿಸಿಕೊಂಡಿದ್ದೇವೆ ಮೇಡಂ.”

“ವಾಪಸ್ ಕೊಡಲ್ಲ.”

“ತೊಂದರೆಗೆ ವಿಷಾದಿಸುತ್ತೇವೆ ಮೇಡಂ.”

ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಕಾದೆ. ಒಂಬತ್ತು ನಿಮಿಷ. ಮನೆಗೆ ಬಂದ ಮೇಲೆ ಅಕ್ಕ ಮುಖ ಗಂಟು ಹಾಕಿದಳು. “ನನಗೋಸ್ಕರ ಕೆಲಸಕ್ಕೆ ಮೋಸ ಮಾಡೋದು ಬೇಡ. ನಾನೇನು ಮಗುನಾ? ನಾಳೆ ಫೋನ್ ಎತ್ತಲ್ಲ.”

ಎತ್ತದೇ ಹೋದರೆ ನನ್ನ ಗತಿ? ಬಾಯಿಗೆ ಬಂದ ಸುಳ್ಳು ಹೇಳಿದೆ. “ನಿನಗೋಸ್ಕರ ಅಲ್ಲಕ್ಕ, ನನಗೋಸ್ಕರ. ಸುಸ್ತು ತಡ್ಕೊಳ್ಳೋಕೆ ಆಗ್ತಿಲ್ಲ. ನೀನು ಹತ್ತು ನಿಮಿಷ ಲೈನಲ್ಲಿದ್ರೆ ಕೆಂಪು ಇರತ್ತೆ, ನಾನು ಆರಾಮಾಗಿ ಕೂತ್ಕೋಬಹುದು. ಇಟ್ರೆ ಮುಂದಿನ ಕರೆ ಬಂದು ತಲೆ ಮೇಲೆ ಬೀಳತ್ತೆ.”

ಅಕ್ಕ ಒಪ್ಪಿದಳು. ತಕ್ಷಣ. ಗೋಡೆ ಗಡಿಯಾರವನ್ನು ಫೋನಿನ ಎದುರಿಗೆ ಹಾಕಿಸಿಕೊಂಡಳು.

ಮಾರ್ಚ್ 18

ಇವತ್ತು ಅಕ್ಕನ ಜೊತೆ ಹತ್ತು ನಿಮಿಷ. ಮುಗಿಸಿ ಹಸಿರು ಒತ್ತಿದ ಕೂಡಲೇ ಒಬ್ಬಾಕೆ. ಫ್ರಿಜ್ ಕೆಟ್ಟಿದೆ, ಅದರೊಳಗೆ ಗಂಡನ ಇನ್ಸುಲಿನ್. “ಇಪ್ಪತ್ತೆರಡು ನಿಮಿಷದಿಂದ ನಿಮ್ಮ ಹಾಡು ಕೇಳ್ತಾ ಕೂತಿದೀನಿ. ಅಲ್ಲೇನು ಎಲ್ಲರೂ ನಿದ್ದೆ ಹೊಡೀತಿದೀರಾ?”

ಆ ಇಪ್ಪತ್ತೆರಡರಲ್ಲಿ ಹತ್ತು ನನ್ನದು. ನಾನು ಕಂಪನಿಯಿಂದ ಕದಿಯುತ್ತಿದ್ದೇನೆ ಅಂದುಕೊಂಡಿದ್ದೆ. ಕಂಪನಿಗೆ ಏನು ಕಡಿಮೆಯಾಗುತ್ತದೆ? ಕಡಿಮೆಯಾಗುವುದು ಕಾಯುತ್ತಿರುವವರಿಗೆ.

ನೆರೆಮನೆಯ ಫ್ರಿಜ್ಜಿನಲ್ಲಿ ಇಡಿ ಎಂದೆ. ರಿಪೇರಿಯವನಿಗೆ ನಾನೇ ಎರಡು ಸಲ ಫೋನ್ ಮಾಡಿದೆ. ಸಮಾಧಾನವಾಗಲಿಲ್ಲ.

ನಾಳೆಯೂ ಮಾಡುತ್ತೇನೆ. ಅದು ಗೊತ್ತು.

ಮಾರ್ಚ್ 27

ಅಕ್ಕ ಇದನ್ನೊಂದು ಡ್ಯೂಟಿ ಮಾಡಿಕೊಂಡಿದ್ದಾಳೆ. ಮೂರಕ್ಕೇ ಕುರ್ಚಿ ಎಳೆದುಕೊಂಡು ಫೋನಿನ ಪಕ್ಕ. ಮೊಬೈಲ್ ತಂದುಕೊಡುತ್ತೇನೆ, ಹಾಸಿಗೆಯಲ್ಲೇ ಮಾತಾಡಬಹುದು ಅಂದರೆ ಕೇಳುವುದಿಲ್ಲ. “ಇಡೀ ಆಯಸ್ಸು ಗುಂಡಿ ನೋಡಿದವಳು ನಾನು. ಗುಂಡಿ ಇಲ್ಲದ ಫೋನ್ ನಂಬಲ್ಲ.”

ಇವತ್ತು ಏಳನೇ ನಿಮಿಷಕ್ಕೆ ಇಡಬೇಕಾಯಿತು, ಮೇಲಿನವರು ಓಡಾಡುತ್ತಿದ್ದರು. ಸಂಜೆ ಬಂದರೆ ಕೇಳಿದ್ದೇ ಅದು. “ಇವತ್ತು ನಿನಗೆ ಮೂರು ನಿಮಿಷ ಕಡಿಮೆ ಆಯ್ತಲ್ಲ. ಕಾಲು ನೋವು ಇದ್ಯಾ?” ನನಗೆ ಕಾಲು ನೋವಿಲ್ಲ. ಕಾಲು ಊದಿರುವುದು ಅವಳದು.

ಏಪ್ರಿಲ್ 2

ಯಾರಾದರೂ ಹತ್ತಿರ ಸುಳಿದಾಗ ಕರೆಯನ್ನು ಹೋಲ್ಡ್‌ನಲ್ಲಿಟ್ಟರೆ ಆ ಕಡೆ ಹಾಡು ಕೇಳಿಸುತ್ತದೆ, ಅದರ ನಡುವೆ ಬರುವ ಹೆಣ್ಣುಧ್ವನಿಯನ್ನು ಅಕ್ಕ ಅಣಕಿಸುತ್ತಾಳೆ. “ನಿಮ್ಮ ಕರೆ ನಮಗೆ ಅಮೂಲ್ಯ. ಗುಣಮಟ್ಟಕ್ಕಾಗಿ ಈ ಕರೆಯನ್ನು ದಾಖಲಿಸಲಾಗುತ್ತಿದೆ.” ಮೂಗಿನಲ್ಲಿ ಹೇಳುತ್ತಾಳೆ, ಥೇಟ್ ಅದೇ. ಯಾರು ಕೇಳುತ್ತಾರೆ ಅದನ್ನೆಲ್ಲ ಅಂದಳು. ಗಾಜಿನ ಕೋಣೆಯಲ್ಲಿ ಒಬ್ಬರಿದ್ದಾರೆ, ನಾವು ಅವರನ್ನು ಕಿವಿ ಸರ್ ಅನ್ನುತ್ತೇವೆ, ನೂರರಲ್ಲಿ ಎರಡು ಕರೆ ಆರಿಸಿ ಕೇಳಿ ಮಾರ್ಕ್ಸ್ ಹಾಕುತ್ತಾರೆ ಎಂದೆ. “ಪಾಪ, ಅವರಿಗೆ ಬಿಡುವು ಯಾವಾಗ?”

ಏಪ್ರಿಲ್ 8

ಅಕ್ಕ ಚೆನ್ನಾಗಿದ್ದಳು. ಎರಡು ಸಲ ಬಡಿಸಿಕೊಂಡು ತಿಂದಳು. ಶನಿವಾರ ಕೂದಲಿಗೆ ಬಣ್ಣ ಹಚ್ಚಿಕೊಡಬೇಕಂತೆ.

ಏಪ್ರಿಲ್ 27

ಹದಿನೆಂಟು ದಿನ ಏನೂ ಬರೆದಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅಂತ.

ಅಕ್ಕ ಇಲ್ಲ.

ಒಂಬತ್ತನೇ ತಾರೀಖು, ಮೂರೂ ಹತ್ತು. ಫೋನ್ ಎತ್ತಿದಳು. “ಬಂದ್ಯಾ? ಕೂತ್ಕೋ” ಅಂದಳು. ಉಸಿರು ಎಳೆಯುತ್ತಿತ್ತು. ಏನಾಯಿತಕ್ಕ ಅನ್ನಬೇಕಿತ್ತು. ಬಾಯಲ್ಲಿ ಬಂದದ್ದು “ದಯವಿಟ್ಟು ಸಮಸ್ಯೆ ವಿವರಿಸಿ ಮೇಡಂ.” ಅಷ್ಟರಲ್ಲಿ ಬೆನ್ನ ಹಿಂದೆ ಫ್ಲೋರ್ ಮೇಡಂ. ನಮ್ಮ ಇಡೀ ವಿಭಾಗಕ್ಕೆ ಅವರೇ ದೊಡ್ಡವರು. ಜೊತೆಗೆ ಹೆಡ್ ಆಫೀಸಿನ ಇಬ್ಬರು. “ಇವರು ನಮ್ಮ ಸೀನಿಯರ್. ಆರು ವರ್ಷದಲ್ಲಿ ಒಂದು ದಿನ ಹಳದಿ ಮೀರಿಲ್ಲ.” ಹೋಲ್ಡ್ ಒತ್ತಿದೆ. ಎದ್ದು ನಿಂತೆ. ನಿಮ್ಮ ಗುಟ್ಟೇನು ಎಂದು ಅವರಲ್ಲೊಬ್ಬರು ಕೇಳಿದರು. ಏನೋ ಹೇಳಿದೆ. ಎಲ್ಲರೂ ನಕ್ಕರು. ನಾನೂ.

ನಾಲ್ಕು ನಿಮಿಷ ಹತ್ತು ಸೆಕೆಂಡು.

ಮತ್ತೆ ಲೈನಿಗೆ ಬಂದಾಗ ಆ ಕಡೆ ಸದ್ದಿರಲಿಲ್ಲ. ಅವರು ಇನ್ನೂ ಪಕ್ಕದ ಮೇಜಿನ ಹತ್ತಿರವೇ ಇದ್ದರು. ನೀರು ಕುಡಿಯಲು ಎದ್ದಿರಬೇಕು ಅಂದುಕೊಂಡು, ಕರೆಗೆ ಧನ್ಯವಾದ ಹೇಳಿ ಕಡಿದುಬಿಟ್ಟೆ. ಆಮೇಲೆ ಇಪ್ಪತ್ತಾರು ಕರೆ ತೆಗೆದುಕೊಂಡೆ. ಇಪ್ಪತ್ತಾರು! ಆರೂವರೆಗೆ ಬಾಗಿಲು ತೆಗೆದರೆ ಅಕ್ಕ ಕುರ್ಚಿಯ ಪಕ್ಕ ನೆಲದ ಮೇಲೆ. ರಿಸೀವರ್ ವೈರಿನಲ್ಲಿ ತೂಗುತ್ತಿತ್ತು.

ಡಾಕ್ಟರು ಅಂದರು, ತಕ್ಷಣ ಯಾರಾದರೂ ಬಂದಿದ್ದರೂ ಉಳಿಯುತ್ತಿದ್ದರೋ ಇಲ್ಲವೋ ಹೇಳುವುದಕ್ಕೆ ಆಗುತ್ತಿರಲಿಲ್ಲ ಅಂತ. ಹೇಳುವುದಕ್ಕೆ ಆಗುತ್ತಿರಲಿಲ್ಲ. ಅದನ್ನು ಹೇಗೆ ಬೇಕಾದರೂ ತಿರುಗಿಸಿಕೊಳ್ಳಬಹುದು.

ರಜೆ ಫಾರಂನಲ್ಲಿ — ತಂದೆ ತಾಯಿಗೆ ಐದು ದಿನ, ಒಡಹುಟ್ಟಿದವರಿಗೆ ಮೂರು. ಮೂರು ತೆಗೆದುಕೊಂಡೆ. ಉಳಿದದ್ದು ಸಂಬಳವಿಲ್ಲದ ರಜೆ. ಇವತ್ತು ಮತ್ತೆ ಕೆಲಸ.

ಮೇ 4

ಕಿವಿ ಸರ್ ಲಿಫ್ಟಿನ ಹತ್ತಿರ ಸಿಕ್ಕರು. ಗಿಡ್ಡ ಮನುಷ್ಯ, ಮಾತು ಕಡಿಮೆ. “ನಿಮ್ಮ ಅಕ್ಕನವರ ವಿಷಯ ಕೇಳಿ ಬೇಜಾರಾಯ್ತು” ಅಂದರು. ಆಮೇಲೆ ಚಪ್ಪಲಿ ನೋಡುತ್ತ, “ನಿಮ್ಮ ಎರಡು ಕರೆ ನನ್ನ ಪಾಲಿಗೆ ಬಂದಿತ್ತು. ಸ್ವೆಟರ್ ಕರೆ ಒಂದು. ರಿಪೋರ್ಟ್ ಮಾಡಲಿಲ್ಲ. ವಿನಯಕ್ಕೆ ಹತ್ತಕ್ಕೆ ಹತ್ತು ಹಾಕಿದೀನಿ.”

ಅಲ್ಲೇ ಅತ್ತುಬಿಟ್ಟೆ. ಕೊನೆಯ ಕರೆಯ ವಿಷಯ ಹೇಳಿದೆ. ಹೋಲ್ಡ್‌ನಲ್ಲಿ ಇಟ್ಟುಬಿಟ್ಟೆ ಸರ್, ಏನು ಹೇಳುತ್ತಿದ್ದಳೋ ಕೇಳಲೇ ಇಲ್ಲ ಅಂದೆ.

ಬಂದ ಲಿಫ್ಟನ್ನು ಅವರು ಹೋಗಲು ಬಿಟ್ಟರು. “ಹೋಲ್ಡ್‌ನಲ್ಲಿಟ್ರೆ ನಿಮಗೆ ಕೇಳಿಸಲ್ಲ ಅಷ್ಟೇ. ಆ ಕಡೆ ಮಾತು ರೆಕಾರ್ಡ್ ಆಗ್ತಾನೇ ಇರತ್ತೆ. ಜನ ನಿಮಗೆಲ್ಲ ಬೈಯೋದು ಕೇಳೋನು ನಾನೊಬ್ನೇ.”

ಇದೆ. ಆ ನಾಲ್ಕು ನಿಮಿಷ ಎಲ್ಲೋ ಇದೆ.

ಅರವತ್ತು ದಿನಕ್ಕೆ ತಾನೇ ಅಳಿಸಿಹೋಗುತ್ತದಂತೆ. ಅಂದರೆ ಜೂನ್ 8.

ಮೇ 5, ಬೆಳಗ್ಗೆ

ನನಗೆ ಬೇಕಾದದ್ದು ಒಂದೇ. ಅಕ್ಕ ನನ್ನನ್ನು ಕರೆದಳೇ? ಉಸಿರು ಸಿಗದೆ, ಬಾ ಅಂತ ಕೂಗುತ್ತಿದ್ದಳೇ, ನಾನು ಹಲ್ಲು ಕಿರಿದುಕೊಂಡು ನಿಂತಿದ್ದಾಗ? ತಿಳಿಯದೆ ಇರಲಾರೆ. ತಿಳಿದ ಮೇಲೆ ಇರಬಲ್ಲೆನೋ, ಅದೂ ಗೊತ್ತಿಲ್ಲ.

ಮೇ 11

ರೆಕಾರ್ಡ್ ಬೇಕಾದರೆ ಫಾರಂ ತುಂಬಬೇಕು. ಕರೆಯ ದಿನ, ಸಮಯ, ಗ್ರಾಹಕರ ಹೆಸರು, ಕಾರಣ. ಕಾರಣ ಅನ್ನುವ ಜಾಗದಲ್ಲಿ ಏನು ಬರೆಯಲಿ? ಬರೆದರೆ ಕೆಲಸ ಹೋಗುತ್ತದೆ. ನಲವತ್ತೊಂದು ವಯಸ್ಸಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

ಕಿವಿ ಸರ್ ಮೆಲ್ಲಗೆ ಹೇಳಿದರು. “ಊಟದ ಹೊತ್ತಲ್ಲಿ ಒಳಗೆ ಬನ್ನಿ. ನಾನು ಹಾಕ್ತೀನಿ, ಕೇಳ್ಕೊಂಡು ಹೋಗಿ. ಯಾರಿಗೂ ಗೊತ್ತಾಗಲ್ಲ.”

“ಗೊತ್ತಾದ್ರೆ?”

“ಯಾವ ಫೈಲ್ ಯಾರು ತೆಗೆದ್ರು ಅಂತ ಕಂಪ್ಯೂಟರ್ ಬರ್ಕೊಳ್ಳತ್ತೆ. ಕೇಳಿದಾಗ ನೋಡ್ಕೊಂಡ್ರಾಯ್ತು.” ನಗಲು ನೋಡಿದರು. ಅವರಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳು.

ಹ್ಞೂಂ ಅಂದುಬಿಟ್ಟೆ. ಗುರುವಾರ.

ಮೇ 14

ಹೋಗಲಿಲ್ಲ. ಗಾಜಿನ ಬಾಗಿಲ ತನಕ ಹೋದೆ. ಅವರು ಆಗಲೇ ಎರಡನೇ ಹೆಡ್‌ಫೋನ್ ಒರೆಸಿ ಇಟ್ಟಿದ್ದರು. ಅದನ್ನು ನೋಡಿ ವಾಪಸ್ ಬಂದೆ.

ಮೇ 16

ಮನೆಯ ಬೀಗ ಸವೆದಿದೆ, ಹೊಸ ಕೀಲಿ ಬೇಕಿತ್ತು. ಬಸ್ ಸ್ಟ್ಯಾಂಡ್ ಪಕ್ಕದ ಕೀಲಿ ಅಂಗಡಿಗೆ ಹೋದರೆ ಅಲ್ಲಿ ಮೀಸೆ! ಮೀಸೆ ಬೋಳಿಸಿದ್ದಾನೆ. ಓಡಿಹೋಗೋಣ ಅನ್ನಿಸಿತು. ಅವನೇ ಸ್ಟೂಲ್ ಎಳೆದು ಕೂರಿಸಿದ. ಅಕ್ಕನ ವಿಷಯ ಅವನಿಗೂ ಮುಟ್ಟಿತ್ತು.

ಕ್ಷಮೆ ಕೇಳಿದೆ. “ನಿನಗೆ ಏನು ಕಷ್ಟ ಇತ್ತೋ ಏನೋ, ನಾನು ಒಂದು ಮಾತು ಕೇಳದೇ ಬರೆದುಬಿಟ್ಟೆ” ಅಂದೆ.

ಕೀಲಿ ಉಜ್ಜುತ್ತಲೇ ಹೇಳಿದ. “ಕಷ್ಟ ಏನಿಲ್ಲ ಮೇಡಂ. ನಿದ್ದೆ ಬರ್ತಿತ್ತು, ಮಲಗ್ತಿದ್ದೆ.”

“ಅಷ್ಟೇನಾ?”

“ಅಷ್ಟೇ. ಯಾಕೆ, ಮಲಗೋಕೆ ಮನೇಲಿ ಯಾರಾದ್ರೂ ಕಾಯಿಲೆ ಬೀಳ್ಬೇಕಾ?” ಕೋಪದಿಂದ ಹೇಳಲಿಲ್ಲ. “ಆದ್ರೂ ನಿಮ್ಮ ರಿಪೋರ್ಟ್ ತಪ್ಪು. ಹನ್ನೆರಡು ನಿಮಿಷ ಅಂತ ಬರೆದಿದ್ರಿ. ಹದಿನೈದು ಮಲಗಿದ್ದೆ.”

ಇಬ್ಬರೂ ನಕ್ಕೆವು. ಅಕ್ಕ ಹೋದ ಮೇಲೆ ಮೊದಲ ಸಲ. ದಾರಿಯುದ್ದಕ್ಕೂ ಅದೇ ಯೋಚನೆ. ನನಗೆ ಅಕ್ಕನಿದ್ದಳು, ಅದಕ್ಕೇ ನನ್ನದು ಕಳ್ಳತನವಲ್ಲ ಎಂದು ಒಳಗೊಳಗೇ ತೀರ್ಪು ಕೊಟ್ಟುಕೊಂಡಿದ್ದೆ. ಅವನ ನಿದ್ದೆ ಕಳ್ಳತನ. ಅವನ ದಣಿವಿಗೆ ನಾನು ಕಾರಣ ಕೇಳಿದೆ, ನನ್ನದಕ್ಕೆ ನಾನೇ ಕಾರಣ ಕೊಟ್ಟುಕೊಂಡೆ.

ಒಬ್ಬನ ಕುರ್ಚಿ ಖಾಲಿ ಮಾಡಿಸಿದ್ದು ಸಾಕು. ಕಿವಿ ಸರ್ ಕುರ್ಚಿ ಬೇಡ.

ಮೇ 21

ಫಾರಂ ತುಂಬಿದೆ. ಗ್ರಾಹಕರ ಹೆಸರು — ಗ್ರಾಹಕರಲ್ಲ, ನನ್ನ ಅಕ್ಕ. ಕಾರಣ — ಕೆಲಸದ ಹೊತ್ತಿನಲ್ಲಿ ನಾನು ಮಾಡಿದ ಸ್ವಂತ ಕರೆ, ಅದರಲ್ಲಿ ಅವಳ ಕೊನೆಯ ಮಾತಿದೆ.

ಫ್ಲೋರ್ ಮೇಡಂ ಓದಿದರು. ಮತ್ತೊಮ್ಮೆ ಓದಿದರು. ನನ್ನ ಕಡೆಗೆ ತಳ್ಳಿದರು. “ಇದನ್ನ ನಾನು ನೋಡಿಲ್ಲ. ತಗೊಂಡ್ ಹೋಗು.”

“ನೋಡಿ ಮೇಡಂ.”

“ನೋಡಿದ್ರೆ ಮೇಲೆ ಕಳಿಸ್ಲೇಬೇಕು ಕಣೇ. ಅರ್ಥ ಆಗ್ತಿದ್ಯಾ? ಎಷ್ಟು ಕರೆ?”

“ಇಪ್ಪತ್ತಮೂರು.”

“ಅವತ್ತು ನಾವು ಬಂದು ನಿಂತಾಗಲೂ ಅದೇನಾ?”

ತಲೆಯಾಡಿಸಿದೆ. ಅವರು ಕನ್ನಡಕ ತೆಗೆದರು. “ಒಂದು ಮಾತು ಹೇಳಿದ್ರೆ ನಾನು ಬಿಡ್ತಿರಲಿಲ್ವಾ?” ಅಂದರು. ಬಿಡುತ್ತಿದ್ದರೋ ಏನೋ. ಕೇಳಬಹುದು ಅಂತಲೇ ನನಗೆ ಹೊಳೆದಿರಲಿಲ್ಲ. ಹಳದಿ ಮೀರದವಳಲ್ಲವೇ ನಾನು.

ಫಾರಂ ಅಲ್ಲೇ ಬಿಟ್ಟು ಬಂದೆ.

ಜೂನ್ 2

ಉತ್ತರ ಬಂತು. ಇದೇ ಐದನೇ ತಾರೀಖು ನನ್ನ ಕೊನೆಯ ದಿನ. ಮೇಡಂ ಬಹಳ ಜಗಳವಾಡಿದರಂತೆ, ಕಿವಿ ಸರ್ ಹೇಳಿದರು. ಆ ಜಗಳಕ್ಕೆ ಸಿಕ್ಕಿದ್ದು ಇಷ್ಟು — ಹೋಗುವ ಮುಂಚೆ ಗಾಜಿನ ಕೋಣೆಯಲ್ಲಿ, ಅವರಿಬ್ಬರ ಎದುರು, ಒಂದು ಸಲ ಕೇಳಬಹುದು. ಕಾಪಿ ಇಲ್ಲ. ಕಂಪನಿಯ ಆಸ್ತಿ.

ಅಕ್ಕನ ಕೆಮ್ಮು ಕಂಪನಿಯ ಆಸ್ತಿ.

ಜೂನ್ 5, ಮಧ್ಯಾಹ್ನ 1.20

ಬಸ್ ಸ್ಟಾಪಿನಲ್ಲಿ ಕೂತಿದ್ದೇನೆ. ಒಳಗೆ ಪೆನ್ನು ಬಿಡಲಿಲ್ಲ. ಒಂದು ಮಾತೂ ಮರೆಯುವ ಮುಂಚೆ ಬರೆಯಬೇಕು.

ಮೊದಲು ಹಾಡು. ಅದರಡಿಯಲ್ಲಿ ಉಸಿರು, ಗರಗರ. ಒಂದು ನಿಮಿಷ ಬರೀ ಅದೇ. ಆ ಹೆಣ್ಣುಧ್ವನಿ — ಈ ಕರೆಯನ್ನು ದಾಖಲಿಸಲಾಗುತ್ತಿದೆ. ಆಗ ಅಕ್ಕ, ಮೆಲ್ಲಗೆ. “ಹೌದಾ? ಹಾಗಾದ್ರೆ ಕೇಳಿಸ್ಕೊಳ್ಳಿ ಸರ್.”

ಕಿವಿ ಸರ್‌ಗೆ ಹೇಳುತ್ತಿದ್ದಳು! ಅವರು ನನ್ನ ಪಕ್ಕದಲ್ಲಿ ತಲೆ ಎತ್ತಿದರು.

“ನಮ್ಮನೇಲಿ ಮೆಷಿನ್ನೂ ಇಲ್ಲ ಏನೂ ಇಲ್ಲ. ನಾನು ಇವಳ ಅಕ್ಕ. ಇವಳ ಮೇಲೆ ಏನೂ ಬರೀಬೇಡಿ. ಫೋನ್ ಮಾಡು ಅಂತ ಪೀಡಿಸಿದ್ದು ನಾನೇ.” ಸುಳ್ಳು. ನನ್ನ ಹಾಗೇ ಸಲೀಸಾಗಿ. ಮತ್ತೆ ಉಸಿರು. “ಹುಡುಗಿಗೆ ಸುಸ್ತು ಸರ್. ಯಾರ ಹತ್ರನೂ ಹೇಳ್ಕೊಳ್ಳಲ್ಲ.”

ಕೆಮ್ಮು. ಏನೋ ಬಿದ್ದ ಸದ್ದು, ಕುರ್ಚಿ ಇರಬೇಕು. ಈಗ ಕರೆಯುತ್ತಾಳೆ, ಈಗ ನನ್ನನ್ನು ಕರೆಯುತ್ತಾಳೆ ಎಂದು ಮೇಜು ಹಿಡಿದುಕೊಂಡೆ. ಮೇಡಂ ನನ್ನ ಭುಜದ ಮೇಲೆ ಕೈ ಇಟ್ಟರು.

ಕರೆಯಲಿಲ್ಲ.

“ಎದೆ ಹಿಡಿದ ಹಾಗಿದೆ... ಪಕ್ಕದ ಮನೆಗೆ ಫೋನ್ ಮಾಡ್ಬೇಕು. ಮಾಡ್ತೀನಿ. ಈಗ ಇಟ್ರೆ ಅವಳಿಗೆ ಕೆಂಪು ಹೋಗಿಬಿಡತ್ತೆ... ಇನ್ನೂ ಹತ್ತು ನಿಮಿಷ ಆಗಿಲ್ಲ. ಕೂತಿರ್ಲಿ ಪಾಪ. ಸ್ವಲ್ಪ ಕೂತಿರ್ಲಿ.”

ಆಮೇಲೆ ಹಾಡು ಮಾತ್ರ.

ಅಕ್ಕ, ನಾನು ಕೂತಿರಲಿಲ್ಲ. ಎದ್ದು ನಿಂತಿದ್ದೆ ಕಣೇ. ಆ ನಾಲ್ಕು ನಿಮಿಷವೂ ಅವರ ಮುಂದೆ ನಿಂತೇ ಇದ್ದೆ.